ಟಾಹೋ ಸರೋವರಕ್ಕೆ ಸೈಕಲ್ ಪ್ರದಕ್ಷಿಣೆ: ಯಾವ ದಿಕ್ಕು, ಎಷ್ಟು ದಿನ, ಎಲ್ಲಿ ಎಚ್ಚರ?

ತುಂಗಾತೀರ (ಸನ್ನಿವೇಲ್)

ಎಲ್ಲರಿಗೂ ನಮಸ್ಕಾರ. ಈ ಜೂನ್ ಕೊನೆಯಲ್ಲಿ ನಾನು, ನಮ್ಮನೆಯವರು, ಬೆಂಗಳೂರಿನಿಂದ ಬರುತ್ತಿರುವ ನನ್ನ ತಮ್ಮ, ಮೂವರೂ ಸೈಕಲ್ ಮೇಲೆ ಕ್ಯಾಲಿಫೋರ್ನಿಯಾ, ನೆವಾಡಾ ಗಡಿಯಲ್ಲಿರುವ ಟಾಹೋ ಸರೋವರವನ್ನು ಒಂದು ಪೂರ್ತಿ ಸುತ್ತು ಹಾಕಬೇಕೆಂದಿದ್ದೇವೆ. ನಾವಿಬ್ಬರೂ ಇಲ್ಲಿನ ಗುಡ್ಡಗಳಲ್ಲಿ ಶನಿವಾರ, ಭಾನುವಾರ ಓಡಿಸುವವರು. ತಮ್ಮ ನಂದಿ ಬೆಟ್ಟ ಹತ್ತುವ ಗುಂಪಿನವನು. ಕಾರಿನಲ್ಲಿ ಅಲ್ಲಿಗೆ ಹೋಗಿ ಬಂದದ್ದಿದೆ. ಆದರೆ ಕಾರಿನಲ್ಲಿ ಕೂತವರಿಗೆ ಏರು ಎಷ್ಟು ಕಡಿದು, ರಸ್ತೆಯ ಅಂಚಿನಲ್ಲಿ ಸೈಕಲ್ಲಿಗೆ ಎಷ್ಟು ಜಾಗ ಅನ್ನೋದು ಗೊತ್ತಾಗೋದೇ ಇಲ್ಲ.

ಒಂದೇ ದಿನದಲ್ಲಿ ಮುಗಿಸೋದಾ, ರಾತ್ರಿ ಎಲ್ಲಾದರೂ ತಂಗೋದಾ? ಯಾವ ದಿಕ್ಕಿನಲ್ಲಿ ಸುತ್ತಬೇಕು? ನೆವಾಡಾ ಕಡೆಯ ರಸ್ತೆ ಅಪಾಯ ಅಂತ ಕೆಲವರು ಹೇಳುತ್ತಾರೆ, ಎಷ್ಟು ನಿಜ? ಅಪ್ಪ ಅಮ್ಮನೂ ಜೊತೆಗೆ ಬರುತ್ತಿದ್ದಾರೆ, ಅವರಿಗೂ ಏನಾದರೂ ಇದ್ದರೆ ತಿಳಿಸಿ. ಹೋಗಿ ಬಂದವರೇ ಹೇಳಿದರೆ ಉಪಕಾರವಾಗುತ್ತೆ.

ಗಾಲಿಗಾರ (ಸ್ಯಾಕ್ರಮೆಂಟೊ)

ನಮಸ್ಕಾರ ಮೇಡಂ. ತುಂಬಾ ಒಳ್ಳೆಯ ಆಲೋಚನೆ, ಖಂಡಿತ ಹೋಗಿ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪೂರ್ತಿ ಸುತ್ತು 72 ಮೈಲಿ, ಅಂದರೆ ಸುಮಾರು 116 ಕಿಲೋಮೀಟರ್. ಏರುಗಳನ್ನೆಲ್ಲ ಕೂಡಿದರೆ ಸುಮಾರು 4000 ಅಡಿ. ನೀವು ಓಡಿಸುವ ಗುಡ್ಡಗಳಿಗೆ ಹೋಲಿಸಿದರೆ ಇದು ದೊಡ್ಡ ಲೆಕ್ಕವಲ್ಲ. ಎತ್ತರದ ವಿಷಯ ಮಾತ್ರ ಬೇರೆ. ಸರೋವರದ ನೀರೇ ಸಮುದ್ರಮಟ್ಟದಿಂದ 1897 ಮೀಟರ್ ಮೇಲಿದೆ. ಮುಳ್ಳಯ್ಯನಗಿರಿಯ ತುದಿ ಸುಮಾರು 1930 ಮೀಟರ್. ಕರ್ನಾಟಕದಲ್ಲಿ ನಾವು ಹತ್ತಬಹುದಾದ ಅತ್ಯಂತ ಎತ್ತರದ ಜಾಗದಲ್ಲಿ ನಿಂತರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿ ಇಡೀ ದಿನ ಪೆಡಲ್ ತುಳಿಯಬೇಕು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲು ಮಾತ್ರ. ಸನ್ನಿವೇಲ್‌ನಿಂದ ಬೆಳಿಗ್ಗೆ ಕಾರಿನಲ್ಲಿ ಹೊರಟು ಮಧ್ಯಾಹ್ನ ಸೈಕಲ್ ಹತ್ತಿದರೆ ಮೊದಲ ಏರಿನಲ್ಲೇ ಏದುಸಿರು ಬರುತ್ತೆ, ಕೆಲವರಿಗೆ ತಲೆನೋವೂ ಬರುತ್ತೆ. ಹಿಂದಿನ ದಿನವೇ ಹೋಗಿ, ಚೆನ್ನಾಗಿ ನೀರು ಕುಡಿದು, ನಿದ್ದೆ ಮಾಡಿ.

ದಿಕ್ಕಿನ ಬಗ್ಗೆ ಹೆಚ್ಚು ಯೋಚನೆ ಬೇಡ. ದೇವಸ್ಥಾನದಲ್ಲಿ ಗರ್ಭಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತೇವಲ್ಲ, ಹಾಗೇ ಸರೋವರ ನಿಮ್ಮ ಬಲಗಡೆ ಇರಲಿ. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಹೋಗುತ್ತವೆ. ಹಾಗಾಗಿ ಈ ದಿಕ್ಕಿನಲ್ಲಿ ಹೋದರೆ ನೀರಿಗೂ ನಿಮಗೂ ನಡುವೆ ಇನ್ನೊಂದು ಸಾಲು ಕಾರುಗಳು ಇರುವುದಿಲ್ಲ. ನೋಡಲು ನಿಲ್ಲಬೇಕೆನಿಸಿದಾಗ, ಬೀಚಿಗೆ ಇಳಿಯಬೇಕೆನಿಸಿದಾಗ ರಸ್ತೆ ದಾಟುವ ಕಷ್ಟವಿಲ್ಲ. ತಮ್ಮನಿಗೆ ಎಡಕ್ಕೆ ಓಡಿಸುವ ಅಭ್ಯಾಸ ಇರುತ್ತೆ, ಸಿಗ್ನಲ್‌ಗಳಲ್ಲಿ ತಿರುಗುವಾಗ ಅವರನ್ನು ನಿಮ್ಮಿಬ್ಬರ ನಡುವೆ ಇಟ್ಟುಕೊಳ್ಳಿ.

ಸೌತ್ ಲೇಕ್ ಟಾಹೋದಲ್ಲಿ 50ನೇ ಹೆದ್ದಾರಿಯೂ 89ನೇ ಹೆದ್ದಾರಿಯೂ ಕೂಡುವ ಜಾಗಕ್ಕೆ ಅಲ್ಲಿಯವರು ‘ವೈ’ ಅಂತಾರೆ. ಅಲ್ಲಿಂದ 89 ಹಿಡಿದು ಉತ್ತರಕ್ಕೆ ಹೊರಡಿ. ಮೊದಲ ಕೆಲವು ಮೈಲಿ ಪೈನ್ ಮರಗಳ ನಡುವೆ ಸಮತಟ್ಟು, ಕ್ಯಾಂಪ್ ರಿಚರ್ಡ್‌ಸನ್ ಹತ್ತಿರ ರಸ್ತೆಯ ಪಕ್ಕದಲ್ಲೇ ಪ್ರತ್ಯೇಕ ಸೈಕಲ್ ದಾರಿಯೂ ಇದೆ. ಅದು ಮುಗಿದ ಮೇಲೆ ಎಮರಾಲ್ಡ್ ಬೇ ಏರು ಶುರು. ಎರಡು ಕಡಿದಾದ ಹೇರ್‌ಪಿನ್ ತಿರುವುಗಳಿವೆ, ಅಲ್ಲಿ ಚಿಕ್ಕ ಗೇರ್‌ಗೆ ಮೊದಲೇ ಹಾಕಿಕೊಂಡಿರಬೇಕು. ನಂದಿ ಹತ್ತಿದವರಿಗೆ ಇದು ಅದರ ಅರ್ಧಕ್ಕಿಂತ ಕಡಿಮೆ. ತಿರುವು ಮುಗಿದ ಮೇಲೆ ರಸ್ತೆ ಒಂದು ಕಿರಿದಾದ ಏಣಿನ ಮೇಲೆ ಸಾಗುತ್ತೆ. ಒಂದು ಬದಿಗೆ ಕ್ಯಾಸ್ಕೇಡ್ ಎಂಬ ಚಿಕ್ಕ ಕೆರೆ, ಇನ್ನೊಂದು ಬದಿಗೆ ಎಮರಾಲ್ಡ್ ಬೇ, ಎರಡೂ ಕಡೆ ನೇರ ಇಳಿಜಾರು, ಕೆಲವೆಡೆ ತಡೆಗೋಡೆ ಇಲ್ಲ. ಗಾಳಿ ಜೋರಿದ್ದರೆ ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಳ್ಳಿ, ನೋಡುವ ಆಸೆಯಾದರೆ ನಿಂತು ನೋಡಿ, ಓಡಿಸುತ್ತಾ ನೋಡಬೇಡಿ.

ಇನ್‌ಸ್ಪಿರೇಷನ್ ಪಾಯಿಂಟ್‌ನಲ್ಲಿ ನಿಂತರೆ ಕೊಲ್ಲಿಯ ನಡುವೆ ಫ್ಯಾನೆಟ್ ದ್ವೀಪ ಕಾಣುತ್ತೆ. ಇಷ್ಟು ದೊಡ್ಡ ಸರೋವರಕ್ಕೆ ಇರುವುದು ಅದೊಂದೇ ದ್ವೀಪ. ಕೆಳಗೆ ದಡದಲ್ಲಿ 1929ರಲ್ಲಿ ಕಟ್ಟಿದ ವೈಕಿಂಗ್ಸ್‌ಹೋಮ್ ಎಂಬ ಸ್ಕ್ಯಾಂಡಿನೇವಿಯನ್ ಶೈಲಿಯ ಮನೆ ಇದೆ. ಅಲ್ಲಿಗೆ ಇಳಿಯುವ ದಾರಿ ಒಂದು ಮೈಲಿ, ಕಡಿದು. ಸೈಕಲ್ ಶೂ ಹಾಕಿಕೊಂಡು ಇಳಿದು ಹತ್ತಿದರೆ ಕಾಲಿನ ಶಕ್ತಿಯೆಲ್ಲ ಅಲ್ಲೇ ಖರ್ಚಾಗುತ್ತೆ. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಅಲ್ಲಿಂದ ಡಿ. ಎಲ್. ಬ್ಲಿಸ್, ಮೀಕ್ಸ್ ಬೇ, ಶುಗರ್ ಪೈನ್ ಪಾಯಿಂಟ್, ಹೋಮ್‌ವುಡ್ ದಾಟಿ ಟಾಹೋ ಸಿಟಿ. ಶುಗರ್ ಪೈನ್ ಪಾಯಿಂಟ್‌ನಿಂದ ಟಾಹೋ ಸಿಟಿಯವರೆಗೆ ಪ್ರತ್ಯೇಕ ಸೈಕಲ್ ದಾರಿ ಇದೆ. ಆಮೇಲೆ 28ನೇ ಹೆದ್ದಾರಿ, ಡಾಲರ್ ಹಿಲ್ ಎಂಬ ಚಿಕ್ಕ ಏರು, ಕಿಂಗ್ಸ್ ಬೀಚ್, ಕ್ರಿಸ್ಟಲ್ ಬೇಯಲ್ಲಿ ರಾಜ್ಯದ ಗಡಿ, ಇನ್‌ಕ್ಲೈನ್ ವಿಲೇಜ್. ಉತ್ತರ ದಡದ ಈ ಭಾಗದಲ್ಲಿ ಅಂಗಡಿ, ಊಟ, ನೀರು ಎಲ್ಲ ಸಿಗುತ್ತೆ. ಇನ್‌ಕ್ಲೈನ್ ದಾಟಿದ ಮೇಲೆ ಹಾಗಲ್ಲ. ಬಾಟಲಿಗಳನ್ನು ಅಲ್ಲೇ ತುಂಬಿಸಿಕೊಳ್ಳಿ.

ಪೂರ್ವ ದಡದ ಬಗ್ಗೆ ರೀನೋದಲ್ಲಿರುವವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಧಾರವಾಡಪೇಡೆ (ಫಾಲ್ಸಮ್)

ನಮಸ್ಕಾರ್ರೀ. ಎರಡು ದಿನ ಯಾಕ್ರೀ? ಒಂದ ದಿನದಾಗ ಮುಗೀತದ. ನಸುಕಿನಾಗ ಬೆಳಕು ಹರಿಯೂದರಾಗ ಬಿಟ್ಟರ ಮಧ್ಯಾಹ್ನ ಎರಡು-ಮೂರರ ಸುಮಾರಿಗೆ ತಿರುಗಿ ಬಂದು ನೀರಾಗ ಕಾಲು ಇಳಿಬಿಟ್ಟು ಕೂಡಬಹುದು. ಎಮರಾಲ್ಡ್ ಬೇ ಏರಿಗೆ ಮುಂಜಾನೆ ಕಾರ್ ಇರಂಗಿಲ್ಲ, ಆ ರಸ್ತೆ ಪೂರಾ ನಿಮ್ಮದs. ಹತ್ತು ಗಂಟೆ ಮ್ಯಾಲೆ ಅದ ಜಾಗದಾಗ ಪಾರ್ಕಿಂಗ್‌ಗೆ ಕಾರುಗಳು ಸಾಲು ಹಚ್ಚಿರ್ತಾವ, ಯಾವಾಗ ಯಾವ ಬಾಗಿಲು ತೆಗೀತಾರ ಹೇಳಾಕ ಬರಂಗಿಲ್ಲ.

ಗುಂಪಿನ ಜೋಡಿ ಹೋಗೂ ಮನಸ್ಸಿದ್ರ, ಜೂನ್ ಮೊದಲಿಗೆ ‘ಅಮೆರಿಕಾಸ್ ಮೋಸ್ಟ್ ಬ್ಯೂಟಿಫುಲ್ ಬೈಕ್ ರೈಡ್’ ಅಂತ ಒಂದು ನಡಕೊಂಡು ಬಂದದ. ಸೌತ್ ಲೇಕ್ ಬಾಜೂದ ಸ್ಟೇಟ್‌ಲೈನ್ ಊರಿಂದ ಶುರು, ಇದs ದಿಕ್ಕು, ಇದs 72 ಮೈಲಿ. ಸೆಪ್ಟೆಂಬರ್‌ದಾಗ ‘ಟೂರ್ ಡಿ ಟಾಹೋ’. ದಾರಿಯಾಗ ನೀರು, ತಿನ್ನಾಕ ಇಟ್ಟಿರ್ತಾರ, ಪಂಕ್ಚರ್ ಆದರ ನೋಡಾಕ ಮಂದಿ ಇರ್ತಾರ. ಮೊದಲನೇ ಸಲಕ್ಕ ಅದು ಭಾಳ ಛಲೋ. ಆ ವರ್ಷದ ತಾರೀಖು ಮೊದಲ ನೋಡ್ಕೊಂಡು ಹೆಸರು ಹಚ್ಚರಿ.

ಒಂದು ಮಾತು ಮಾತ್ರ ನೆನಪಿಟ್ಕೋರಿ. ಜೂನ್ ಕೊನಿಗೂ ಅಲ್ಲೆ ನಸುಕಿನಾಗ 5 ಡಿಗ್ರಿ ಇರೂದು ಅದ. ಕೈಗೆ ಪೂರಾ ಬೆರಳಿನ ಗ್ಲೌಸು ಬೇಕು. ಬೆರಳು ಸೆಡೆತರ ಇಳಿಜಾರಿನಾಗ ಬ್ರೇಕ್ ಹಿಡಿಯಾಕ ಆಗಂಗಿಲ್ಲ.

ಕಡಲಹಕ್ಕಿ (ರೀನೋ)

ನಮಸ್ತೆ. ನಾನು ರೀನೋದಲ್ಲಿರುವುದು, ಪೂರ್ವ ದಡ ನಮಗೆ ಮನೆಯ ಹಿತ್ತಿಲಿನ ಲೆಕ್ಕ. ತುಂಗಾತೀರ ಅವರೇ, ಆ ರಸ್ತೆಯ ಬಗ್ಗೆ ನೀವು ಕೇಳಿದ್ದು ನಿಜ. ಹೆದರಿ ಬಿಟ್ಟುಬಿಡಬೇಕಾಗಿಲ್ಲ, ಆದರೆ ಗಂಟೆ ನೋಡಿಕೊಂಡು ಹೋಗಬೇಕು.

ಇನ್‌ಕ್ಲೈನ್ ವಿಲೇಜ್‌ನಿಂದ ಸ್ಯಾಂಡ್ ಹಾರ್ಬರ್‌ವರೆಗೆ 2019ರ ಬೇಸಿಗೆಯಲ್ಲಿ ಮೂರು ಮೈಲಿಯ ‘ಈಸ್ಟ್ ಶೋರ್ ಟ್ರೇಲ್’ ತೆರೆದರು. ಸಿಮೆಂಟಿನ ನುಣುಪು ದಾರಿ, ಬಂಡೆಗಳ ಮೇಲೆ ಹಾಯುವ ಸೇತುವೆಗಳು, ಕೆಳಗೆ ತಳ ಕಾಣುವ ನೀರು. ನಡೆಯುವವರೂ ಮಕ್ಕಳೂ ಅಲ್ಲೇ ಇರುವುದರಿಂದ ವೇಗಕ್ಕೆ ಅದು ಜಾಗವಲ್ಲ. ಗಂಟೆ ಬಾರಿಸುತ್ತಾ ಮೆಲ್ಲಗೆ ಹೋಗಬೇಕು.

ಸ್ಯಾಂಡ್ ಹಾರ್ಬರ್ ದಾಟಿದ ಮೇಲೆ ಆ ಸುಖ ಇಲ್ಲ. ಸ್ಪೂನರ್ ಕೂಡುರಸ್ತೆಯವರೆಗೆ ಎರಡೇ ಸಾಲಿನ 28ನೇ ಹೆದ್ದಾರಿ. ಬಹಳ ಕಡೆ ಅಂಚಿನ ಬಿಳಿ ಗೆರೆಯ ಆಚೆ ಒಂದು ಗೇಣು ಡಾಂಬರೂ ಇಲ್ಲ. ಬೇಸಿಗೆಯ ಶನಿವಾರ, ಭಾನುವಾರ ಬೀಚಿಗೆ ಇಳಿಯುವವರ ಕಾರುಗಳು ಸಿಕ್ಕ ಸಿಕ್ಕಲ್ಲಿ ನಿಂತಿರುತ್ತವೆ, ಅವುಗಳ ನಡುವಿನಿಂದ ಐಸ್ ಬಾಕ್ಸ್ ಹಿಡಿದ ಜನ ರಸ್ತೆಗೆ ಬರುತ್ತಾರೆ. ನೀವು ಏರಿನಲ್ಲಿ ಗಂಟೆಗೆ ಆರೇಳು ಮೈಲಿಯಲ್ಲಿ ತುಳಿಯುತ್ತಿರುತ್ತೀರಿ. ಹಿಂದೆ ಬರುವವನಿಗೆ ದಾಟಲು ಜಾಗವಿಲ್ಲ, ಅವನಿಗೂ ಸಹನೆ ಇಲ್ಲ. ಎರಡೂ ರಾಜ್ಯಗಳಲ್ಲಿ ಸೈಕಲ್ ದಾಟುವಾಗ ಕನಿಷ್ಠ ಮೂರು ಅಡಿ ಬಿಡಬೇಕೆಂಬ ಕಾನೂನಿದೆ, ಕ್ಯಾಲಿಫೋರ್ನಿಯಾದಲ್ಲಿ ಅದು 2014ರಿಂದ ಜಾರಿಯಲ್ಲಿದೆ. ಕಾನೂನಿದ್ದರೂ ರಸ್ತೆ ಅಗಲವಾಗುವುದಿಲ್ಲವಲ್ಲ.

ಹಾಗಾಗಿ ಧಾರವಾಡಪೇಡೆ ಅವರ ಒಂದು ದಿನದ ಲೆಕ್ಕಕ್ಕೆ ನನ್ನ ಒಪ್ಪಿಗೆ ಇಲ್ಲ. ಸೌತ್ ಲೇಕ್‌ನಿಂದ ನಸುಕಿಗೆ ಬಿಟ್ಟವರು ಈ ಭಾಗಕ್ಕೆ ತಲುಪುವುದು ಹೆಚ್ಚುಕಡಿಮೆ ಮಧ್ಯಾಹ್ನ. ಕಾಲು ದಣಿದಿರುತ್ತೆ, ಬಿಸಿಲು ಏರಿರುತ್ತೆ, ಕಾರುಗಳು ಅತಿ ಹೆಚ್ಚು ಇರುವುದೂ ಆಗಲೇ. ಸುತ್ತಿನಲ್ಲಿ ಅತ್ಯಂತ ಕಷ್ಟದ ತುಂಡನ್ನು ಅತ್ಯಂತ ಕೆಟ್ಟ ಹೊತ್ತಿಗೆ ಮಾಡಿದ ಹಾಗಾಯಿತು. ವ್ಯವಸ್ಥೆ ಮಾಡಿದ ರೈಡ್ ಆದರೆ ಸರಿ, ಅಲ್ಲಿ ನೂರಾರು ಸೈಕಲ್‌ಗಳು ಇರುತ್ತವೆ, ಚಾಲಕರಿಗೂ ಸೂಚನೆ ಇರುತ್ತೆ. ಮೂವರೇ ಹೋಗುವುದಾದರೆ ಬೇಡ.

ನನ್ನ ಸಲಹೆ ಇದು: ಕಿಂಗ್ಸ್ ಬೀಚ್‌ನಲ್ಲೋ ಇನ್‌ಕ್ಲೈನ್‌ನಲ್ಲೋ ರಾತ್ರಿ ತಂಗಿ. ಮರುದಿನ ಬೆಳಕಾದ ಕೂಡಲೇ ಹೊರಟರೆ ಸ್ಯಾಂಡ್ ಹಾರ್ಬರ್‌ನಿಂದ ಸ್ಪೂನರ್‌ವರೆಗಿನ ಏರು ಏಳೂವರೆ, ಎಂಟರ ಒಳಗೆ ಮುಗಿಯುತ್ತೆ. ಆ ಹೊತ್ತಿಗೆ ಗಾಳಿಯೂ ಇರುವುದಿಲ್ಲ. ಶನಿ, ಭಾನು ಬಿಟ್ಟು ವಾರದ ನಡುವೆ ಹೋದರೆ ಇನ್ನೂ ಒಳ್ಳೆಯದು. ಟಾಹೋ ಸುತ್ತಿಗೆ ಎಷ್ಟು ದಿನ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದೇ ಮುಖ್ಯ ಅಂತ ನನಗೆ ಕಾಣುತ್ತೆ.

ಧಾರವಾಡಪೇಡೆ (ಫಾಲ್ಸಮ್)

ಕಡಲಹಕ್ಕಿ ಅವರ, ನೀವು ಹೇಳೂದು ಆ ರಸ್ತೆ ಮಟ್ಟಿಗೆ ಖರೇ ಅದ. ನಾ ಹೋಗೂದು ಯಾವಾಗಲೂ ನಡು ವಾರದಾಗ, ಅದೂ ಸೆಪ್ಟೆಂಬರ್ ಕೊನಿಗೆ. ಸಾಲಿ ಶುರು ಆಗಿರ್ತಾವ, ಮಂದಿ ಕಡಿಮಿ. ಆವಾಗ ಒಂದ ದಿನದಾಗ ಸುತ್ತು ಹಾಕೂದ್ರಾಗ ಏನೂ ತೊಂದರಿಲ್ಲ. ಜೂನ್ ಕೊನಿಗೆ, ಸಾಲಿ ಸೂಟಿಯಾಗ, ಮೂರು ಮಂದಿ ಅಂದ್ರ ಕಿಂಗ್ಸ್ ಬೀಚ್‌ನಾಗ ವಸ್ತಿ ಮಾಡೂದs ಛಲೋ.

ತುಂಗಾತೀರ (ಸನ್ನಿವೇಲ್)

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಹಾಗಾದರೆ ಮೊದಲ ದಿನ ಸೌತ್ ಲೇಕ್‌ನಿಂದ ಕಿಂಗ್ಸ್ ಬೀಚ್, ಎರಡನೇ ದಿನ ಪೂರ್ವ ದಡ. ನಕ್ಷೆಯಲ್ಲಿ ನೋಡಿದರೆ ಮೊದಲ ದಿನಕ್ಕೆ ಸುಮಾರು 37 ಮೈಲಿ, ಎರಡನೇ ದಿನಕ್ಕೆ 35. ಸರಿಯಾಗಿ ಅರ್ಧ ಬರುತ್ತೆ! ಸ್ಪೂನರ್ ಇಳಿದ ಮೇಲಿನ 50ನೇ ಹೆದ್ದಾರಿ ಹೇಗಿದೆ? ಅಲ್ಲಿ ಸುರಂಗ ಇದೆಯಂತೆ?

ಕಡಲಹಕ್ಕಿ (ರೀನೋ)

ಇದೆ. ಸ್ಪೂನರ್ ಕೂಡುರಸ್ತೆ ಸುಮಾರು 7000 ಅಡಿ ಎತ್ತರದಲ್ಲಿದೆ, ಸುತ್ತಿನ ತುದಿ ಅದೇ. ಅಲ್ಲಿ ಬಲಕ್ಕೆ ತಿರುಗಿ 50 ಹಿಡಿದರೆ ನಾಲ್ಕು ಸಾಲಿನ ರಸ್ತೆ, ಒಳ್ಳೆಯ ಡಾಂಬರು, ಗ್ಲೆನ್‌ಬ್ರೂಕ್ ಕಡೆಗೆ ಉದ್ದನೆಯ ಇಳಿಜಾರು. ಕಾರುಗಳು ಬಹಳ ವೇಗವಾಗಿ ಬರುತ್ತವೆ. ಅಂಚಿನಲ್ಲಿ ಚಳಿಗಾಲದಲ್ಲಿ ಚೆಲ್ಲಿದ ಮರಳು, ಸಣ್ಣ ಕಲ್ಲು ಉಳಿದಿರುತ್ತೆ. ವೇಗ ಹಿಡಿತದಲ್ಲಿರಲಿ, ಒಬ್ಬರ ಹಿಂದೆ ಒಬ್ಬರು ಸಾಕಷ್ಟು ಅಂತರ ಬಿಟ್ಟು ಇಳಿಯಿರಿ.

ಇಳಿದ ಮೇಲೆ ಕೇವ್ ರಾಕ್. ಬಂಡೆಯನ್ನು ಕೊರೆದು ಮಾಡಿದ ಸುರಂಗ, ಉದ್ದ ಕಡಿಮೆ, ಆದರೆ ಸೈಕಲ್ಲಿಗೆ ಬೇರೆ ಜಾಗ ಇಲ್ಲ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಸುರಂಗದ ಮೊದಲು ಪಕ್ಕಕ್ಕೆ ನಿಂತು, ವಾಹನಗಳ ಒಂದು ಗುಂಪು ಹೋಗಲು ಬಿಟ್ಟು, ಖಾಲಿ ಸಿಕ್ಕಾಗ ಮೂವರೂ ಒಟ್ಟಿಗೆ ನುಗ್ಗಿ ದಾಟಿ.

ಆ ಬಂಡೆಯ ಬಗ್ಗೆ ಒಂದು ವಿಷಯ ಹೇಳಲೇಬೇಕು. ಟಾಹೋ ಸುತ್ತಲಿನ ಮೂಲನಿವಾಸಿಗಳಾದ ವಾಶೋ ಜನರಿಗೆ ಅದು ಪವಿತ್ರ ಸ್ಥಳ. ಅವರ ಮಾತು ಕೇಳದೆ ಅದರ ಹೊಟ್ಟೆಯಲ್ಲಿ 1931ರಲ್ಲಿ ಒಂದು, 1957ರಲ್ಲಿ ಇನ್ನೊಂದು ಸುರಂಗ ತೆಗೆದರು. ಆಮೇಲೆ ಬಂಡೆ ಹತ್ತುವ ಆಟಗಾರರು ಮೊಳೆ ಹೊಡೆದರು. ಕೊನೆಗೆ ಹತ್ತುವುದನ್ನು ನಿಷೇಧಿಸಿದ ಅರಣ್ಯ ಇಲಾಖೆಯ ಆದೇಶವನ್ನು 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ನಮ್ಮಲ್ಲಿ ನಾಗಬನದ ಮರ ಕಡಿಯಲು ಹಿಂದೆಮುಂದೆ ನೋಡುವ ನಾವು ಅಲ್ಲಿ ಬಂಡೆ ಹತ್ತಿ ಫೋಟೋ ತೆಗೆಯಬಾರದು. ನೋಡಿ, ಮುಂದೆ ಹೋಗಿ.

ಅಲ್ಲಿಂದ ಜೆಫಿರ್ ಕೋವ್, ಅಂಗಡಿ ಊಟ ಮತ್ತೆ ಸಿಗುತ್ತೆ. ಸ್ಟೇಟ್‌ಲೈನ್‌ನ ಕ್ಯಾಸಿನೋ ಕಟ್ಟಡಗಳು ಕಂಡರೆ ಬಂದ ಹಾಗೇ.

ನಂದಿಯೇರು (ಬೆಂಗಳೂರು)

ನಾನೇ ಆ ತಮ್ಮ. ಅಕ್ಕ ಲಿಂಕ್ ಕಳಿಸಿದಳು. ಎರಡು ಪ್ರಶ್ನೆ. ನನ್ನ ಸೈಕಲ್ ಇಲ್ಲಿಂದ ಪ್ಯಾಕ್ ಮಾಡಿ ತರಲಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ? ಇನ್ನೊಂದು, ಫ್ಲೂಮ್ ಟ್ರೇಲ್ ಅಂತ ಒಂದಿದೆಯಲ್ಲ, ಸರೋವರದ ಮೇಲೆ ನೇತಾಡಿದ ಹಾಗೆ ಫೋಟೋ ಬರುತ್ತೆ, ಅದನ್ನು ಈ ಸುತ್ತಿನಲ್ಲೇ ಸೇರಿಸಬಹುದಾ?

ಗಾಲಿಗಾರ (ಸ್ಯಾಕ್ರಮೆಂಟೊ)

ಬಾಡಿಗೆಗೆ ತಗೊಳ್ಳಿ. ಸೌತ್ ಲೇಕ್‌ನಲ್ಲೂ ಟಾಹೋ ಸಿಟಿಯಲ್ಲೂ ಅಂಗಡಿಗಳಿವೆ. ಮೊದಲೇ ಫೋನ್ ಮಾಡಿ ನಿಮ್ಮ ಎತ್ತರ ಹೇಳಿ, ಹಿಂದೆ ದೊಡ್ಡ ಹಲ್ಲುಚಕ್ರ ಇರುವ ರೋಡ್ ಬೈಕ್ ಬೇಕೆಂದು ಕೇಳಿ. ಕ್ಯಾರಿಯರ್ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಪೆಡಲ್, ಶೂ, ಹೆಲ್ಮೆಟ್ ಮಾತ್ರ ಊರಿಂದ ತನ್ನಿ. ಎರಡು ದಿನದ ಓಟಕ್ಕೆ ವಿಮಾನದಲ್ಲಿ ಇಡೀ ಸೈಕಲ್ ಸಾಗಿಸುವ ಗೋಜು ಯಾಕೆ?

ಫ್ಲೂಮ್ ಟ್ರೇಲ್ ಬೇರೆಯೇ ಕಥೆ. ಅದು ಮಣ್ಣಿನ ದಾರಿ, ಅದಕ್ಕೆ ಮೌಂಟನ್ ಬೈಕೇ ಬೇಕು. ಸ್ಪೂನರ್ ಕೆರೆಯಿಂದ ಕಾಡಿನೊಳಗೆ ಮಾರ್ಲೆಟ್ ಕೆರೆಗೆ ಹತ್ತಿ, ಅಲ್ಲಿಂದ ಬೆಟ್ಟದ ಪಕ್ಕೆಯಲ್ಲಿ ಕಿರುದಾರಿ ಹಿಡಿದು ಇನ್‌ಕ್ಲೈನ್ ಕಡೆಗೆ ಬರುತ್ತೆ. ಕೆಳಗೆ ಇಡೀ ಟಾಹೋ. 19ನೇ ಶತಮಾನದಲ್ಲಿ ವರ್ಜೀನಿಯಾ ಸಿಟಿಯ ಕಾಮ್‌ಸ್ಟಾಕ್ ಬೆಳ್ಳಿ ಗಣಿಗಳಿಗೆ ನೀರೂ ಮರವೂ ಹೋದದ್ದು ಈ ಬೆಟ್ಟಗಳಿಂದಲೇ. ಮರದ ದೋಣಿಗಾಲುವೆ ಹಾದುಹೋಗಿದ್ದ ಸಮತಟ್ಟು ಜಾಡೇ ಇವತ್ತಿನ ಸೈಕಲ್ ದಾರಿ. ಗಣಿಯ ಸುರಂಗಗಳಿಗೆ ಆಸರೆ ಕೊಡಲು ಟಾಹೋ ಸುತ್ತಲಿನ ಕಾಡನ್ನೇ ಬೋಳಿಸಿದ್ದರು, ಈಗ ನೀವು ನೋಡುವುದು ಬಹುಪಾಲು ಆಮೇಲೆ ಬೆಳೆದ ಮರಗಳು. ಸುತ್ತು ಮುಗಿದ ಮೇಲೆ ಒಂದು ದಿನ ವಿಶ್ರಾಂತಿ ತಗೊಂಡು ಹೋಗಿ.

ಮಲ್ಲಿಗೆಬನ (ಫ್ರೀಮಾಂಟ್)

ಅಪ್ಪ ಅಮ್ಮನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಟಾಹೋ ಸಿಟಿಯಿಂದ ಟ್ರಕೀ ನದಿಯ ದಡದಲ್ಲೇ ಒಲಿಂಪಿಕ್ ವ್ಯಾಲಿಯ ತನಕ ಐದು ಮೈಲಿಯಷ್ಟು ಸೈಕಲ್ ದಾರಿ ಇದೆ. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಆ ಕಣಿವೆಯಲ್ಲೇ. ದಾರಿ ಬಹುತೇಕ ಸಮತಟ್ಟು, ಪೂರ್ತಿ ಹೆದ್ದಾರಿಯಿಂದ ಬೇರೆ. ನಮ್ಮ ಅಮ್ಮ ಸೈಕಲ್ ಬಿಟ್ಟು ಎಷ್ಟೋ ಕಾಲವಾಗಿತ್ತು, ಅಲ್ಲಿ ಹತ್ತಿದವರು ಇಳಿಯಲೇ ಇಲ್ಲ. ನದಿಯಲ್ಲಿ ರಬ್ಬರ್ ದೋಣಿಯಲ್ಲಿ ಹೋಗುವವರು ಕೈ ಬೀಸುತ್ತಾರೆ, ಅಮ್ಮನೂ ಬೀಸುತ್ತಾ ಹೋದರು.

ಆ ನದಿ ಹೊರಡುವ ಜಾಗವನ್ನೂ ಅವರಿಗೆ ತೋರಿಸಿ. ಟಾಹೋಗೆ 63 ಹೊಳೆಗಳು ಬಂದು ಸೇರುತ್ತವೆ, ಹೊರಗೆ ಹೋಗುವುದು ಟ್ರಕೀ ನದಿ ಒಂದೇ. ಅದರ ಬಾಯಲ್ಲಿ ಟಾಹೋ ಸಿಟಿಯ ಸಣ್ಣ ಅಣೆಕಟ್ಟು ಇದೆ, ಸರೋವರದ ಮೇಲಿನ ಆರು ಅಡಿ ನೀರನ್ನು ಅದೇ ಹಿಡಿದಿಡುತ್ತೆ. ಅಲ್ಲಿಂದ ಹೊರಟ ನೀರು ಸಮುದ್ರಕ್ಕೆ ಹೋಗುವುದೇ ಇಲ್ಲ. ರೀನೋ ದಾಟಿ ನೆವಾಡಾದ ಪಿರಮಿಡ್ ಸರೋವರದಲ್ಲಿ ಕೊನೆಯಾಗುತ್ತೆ. ತಲಕಾವೇರಿ, ಭಾಗಮಂಡಲ ನೋಡಿದ ನಮ್ಮ ಅಪ್ಪನಿಗೆ ಸಮುದ್ರ ಸೇರದ ನದಿ ಅಂದರೆ ಬಹಳ ಆಶ್ಚರ್ಯ.

ನೀವು ಮೂವರು ಸುತ್ತು ಹಾಕುವ ಮೊದಲ ದಿನ ಅಪ್ಪ ಅಮ್ಮನನ್ನು ಟಾಹೋ ಸಿಟಿಯಲ್ಲೇ ಬಿಟ್ಟಿದ್ದರೆ, ಮಧ್ಯಾಹ್ನ ಊಟಕ್ಕೆ ಅಲ್ಲಿ ಸೇರಿಕೊಳ್ಳಬಹುದು.

ಅಡವಿಹೂವು (ಡೇವಿಸ್)

ಡೇರೆ ಹಾಕಿ ಮಲಗುವ ಯೋಚನೆ ಇದ್ದವರಿಗೂ ಒಂದು ಮಾತು. ಪಶ್ಚಿಮ ದಡದಲ್ಲಿ ಡಿ. ಎಲ್. ಬ್ಲಿಸ್, ಶುಗರ್ ಪೈನ್ ಪಾಯಿಂಟ್ ಎರಡೂ ರಾಜ್ಯ ಉದ್ಯಾನಗಳು, ಕ್ಯಾಂಪಿಂಗ್ ಜಾಗ ಆರು ತಿಂಗಳು ಮೊದಲೇ ಬುಕಿಂಗ್‌ಗೆ ತೆರೆಯುತ್ತೆ, ಬೇಸಿಗೆಯ ದಿನಗಳು ಬೇಗ ತುಂಬಿಹೋಗುತ್ತವೆ. ನಾವು ಶುಗರ್ ಪೈನ್ ಇಷ್ಟಪಡುತ್ತೇವೆ. ಅಲ್ಲಿ ಮಲಗಿ ನಸುಕಿಗೆ ಎದ್ದು ಹೊರಟರೂ ಕಡಲಹಕ್ಕಿ ಅವರು ಹೇಳಿದ ರಸ್ತೆಗೆ ಒಂಬತ್ತರ ಸುಮಾರಿಗೆ ತಲುಪಬಹುದು. ಏಳೂವರೆಯಷ್ಟು ನಿರಾಳ ಅಲ್ಲ, ಮಧ್ಯಾಹ್ನದ ಗಲಾಟೆಯೂ ಇಲ್ಲ.

ಕರಡಿಗಳ ವಿಷಯ ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಟಾಹೋದಲ್ಲಿ ಕಪ್ಪು ಕರಡಿಗಳು ಸಾಮಾನ್ಯ. ಕ್ಯಾಂಪಿನ ಪ್ರತಿ ಜಾಗದಲ್ಲೂ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ, ತಿನ್ನುವ ವಸ್ತುವೆಲ್ಲ ಅದರೊಳಗೆ ಹೋಗಬೇಕು. ತಿಂಡಿಯೊಂದೇ ಅಲ್ಲ, ಟೂತ್‌ಪೇಸ್ಟು, ಸನ್‌ಸ್ಕ್ರೀನು, ಸೋಪು ಕೂಡ. ನಾವು ಹೋಗುವಾಗ ಚಟ್ನಿಪುಡಿ, ಹುರಿಗಡಲೆ, ಕೋಡುಬಳೆ ಇಟ್ಟಿರುತ್ತೇವಲ್ಲ, ಆ ಸೈಕಲ್ ಚೀಲಕ್ಕೇ ವಾಸನೆ ಹಿಡಿದಿರುತ್ತೆ. ಖಾಲಿ ಚೀಲವನ್ನೂ ಪೆಟ್ಟಿಗೆಯಲ್ಲಿಡಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತೆ. ಕರಡಿಯ ಜೀವ ನಮ್ಮ ಎಚ್ಚರದ ಮೇಲಿದೆ.

ಜಲಗನ್ನಡಿ (ಸ್ಯಾನ್ ರಮೋನ್)

ಸೈಕಲ್ಲಿನ ಮಾತು ಬಿಟ್ಟು ಸರೋವರದ ಮಾತು ಎರಡು ಸಾಲು ಹೇಳಬೇಕು, ಯಾಕೆಂದರೆ ಎರಡಕ್ಕೂ ಸಂಬಂಧ ಇದೆ.

ಟಾಹೋದ ಅತಿ ಹೆಚ್ಚು ಆಳ 501 ಮೀಟರ್. ಅಮೆರಿಕದಲ್ಲಿ ಇದಕ್ಕಿಂತ ಆಳದ ಸರೋವರ ಆರೆಗಾನ್‌ನ ಕ್ರೇಟರ್ ಲೇಕ್ ಮಾತ್ರ. ನೀರು ಎಷ್ಟು ತಿಳಿ ಅಂತ ಅಳೆಯಲು ಡೇವಿಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತಟ್ಟೆಯಂಥ ಬಿಳಿ ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ಕಣ್ಣಿಗೆ ಮರೆಯಾಗುವ ಆಳವೇ ಲೆಕ್ಕ. 1968ರಲ್ಲಿ ಅದು ಸರಾಸರಿ 31 ಮೀಟರ್ ಇತ್ತು. ಇತ್ತೀಚಿನ ವರ್ಷಗಳಲ್ಲಿ 20 ಮೀಟರ್ ಆಸುಪಾಸು.

ತಿಳಿ ಕಡಿಮೆಯಾಗಲು ದೊಡ್ಡ ಕಾರಣ ಅತಿ ಸಣ್ಣ ಮಣ್ಣಿನ ಕಣಗಳು. ಅವು ಹೆಚ್ಚಾಗಿ ಬರುವುದು ಕಾಡಿನಿಂದಲ್ಲ, ಊರು ಮತ್ತು ರಸ್ತೆಗಳಿಂದ. ಹಿಮ ಬಿದ್ದಾಗ ಟೈರು ಜಾರದಿರಲೆಂದು ರಸ್ತೆಗೆ ಮರಳು ಚೆಲ್ಲುತ್ತಾರೆ, ವಾಹನಗಳ ಚಕ್ರ ಅದನ್ನು ಹಿಟ್ಟು ಮಾಡುತ್ತೆ, ಮಳೆನೀರು ಆ ಹಿಟ್ಟನ್ನು ಸರೋವರಕ್ಕೆ ಕೊಂಡೊಯ್ಯುತ್ತೆ. ಅಷ್ಟು ಸಣ್ಣ ಕಣ ತಳಕ್ಕೆ ಇಳಿಯಲು ವರ್ಷಗಟ್ಟಲೆ ಬೇಕು. ಕಡಲಹಕ್ಕಿ ಅವರು ಅಂಚಿನಲ್ಲಿ ಮರಳಿದೆ, ಜಾರೀತು ಎಚ್ಚರ ಅಂದರಲ್ಲ, ಸರೋವರವನ್ನು ಮಂಕು ಮಾಡುತ್ತಿರುವುದೂ ಅದೇ ಮರಳು. ಟಾಹೋ ಸುತ್ತ ಪ್ರತ್ಯೇಕ ಸೈಕಲ್ ದಾರಿಯನ್ನು ಪೂರ್ತಿ ಉಂಗುರವಾಗಿ ಕೂಡಿಸುವ ಯೋಜನೆಗೆ ಅಲ್ಲಿಯವರು ಇಷ್ಟು ಪಟ್ಟು ಹಿಡಿಯುವುದು ಬರೀ ಪ್ರವಾಸಿಗರ ಖುಷಿಗಲ್ಲ. ಈಸ್ಟ್ ಶೋರ್ ಟ್ರೇಲ್ ಅನ್ನು ಸ್ಯಾಂಡ್ ಹಾರ್ಬರ್‌ನಿಂದ ಸ್ಪೂನರ್ ಕಡೆಗೆ ಮುಂದುವರಿಸಿದರೆ ಈ ಚರ್ಚೆಯ ಅರ್ಧ ಭಯವೇ ಇರುವುದಿಲ್ಲ. ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಬೇ ಏರಿಯಾದ ನಾವೂ ನಾಲ್ಕು ಸಾಲು ಬರೆಯೋಣ. ವಾರಾಂತ್ಯಕ್ಕೆ ಅಲ್ಲಿಗೆ ಕಾರು ತುಂಬಿಸಿಕೊಂಡು ಹೋಗುವವರಲ್ಲಿ ನಾವೂ ಇದ್ದೇವೆ.

ಗಾಲಿಗಾರ (ಸ್ಯಾಕ್ರಮೆಂಟೊ)

ಜಲಗನ್ನಡಿ ಅವರ ಮಾತಿಗೆ ನನ್ನ ಪೂರ್ಣ ಬೆಂಬಲ. ಕಾರನ್ನೇ ಬಿಟ್ಟು ಹೋಗುವ ದಾರಿಯೂ ಇದೆ. ಎಮರಿವಿಲ್‌ನಿಂದ ಷಿಕಾಗೋಗೆ ಹೋಗುವ ಕ್ಯಾಲಿಫೋರ್ನಿಯಾ ಜೆಫಿರ್ ರೈಲು ಟ್ರಕೀ ಊರಲ್ಲಿ ನಿಲ್ಲುತ್ತೆ, ದಿನಕ್ಕೆ ಒಂದೇ ರೈಲು. ಟ್ರಕೀಯಿಂದ ಟಾಹೋ ಸಿಟಿಗೆ ಸುಮಾರು 15 ಮೈಲಿ, ನದಿಯ ಪಕ್ಕದಲ್ಲೇ ರಸ್ತೆ. ಅಲ್ಲಿ ಓಡುವ ಟಾರ್ಟ್ ಬಸ್ಸುಗಳ ಮುಂಭಾಗದಲ್ಲಿ ಸೈಕಲ್ ಇಡುವ ಕಬ್ಬಿಣದ ಚೌಕಟ್ಟು ಇರುತ್ತೆ. ರೈಲಿನಲ್ಲಿ ಸೈಕಲ್ ಹೇಗೆ ಕಳಿಸಬೇಕು ಅನ್ನುವುದನ್ನು ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ.

ಹಾಗೆ ಟ್ರಕೀಗೆ ಬಂದಿಳಿದವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹಳೆಯ 40ನೇ ಹೆದ್ದಾರಿಯಲ್ಲಿ ಡಾನರ್ ಪಾಸ್ ಹತ್ತಬೇಕು. ಲಾರಿಗಳೆಲ್ಲ ಪಕ್ಕದ ಅಂತರರಾಜ್ಯ ಹೆದ್ದಾರಿಗೆ ಹೋಗಿಬಿಟ್ಟಿವೆ. ಡಾನರ್ ಕೆರೆಯಿಂದ ಸುರುಳಿ ಸುರುಳಿಯಾಗಿ ಹತ್ತುವ ರಸ್ತೆ, ನಡುವೆ 1926ರ ರೇನ್‌ಬೋ ಸೇತುವೆ, ಬಾಗಿಕೊಂಡೇ ಮೇಲಕ್ಕೂ ಏರುವ ಸೇತುವೆ ಅದು. ನನ್ನ ಲೆಕ್ಕದಲ್ಲಿ ಟಾಹೋ ಸುತ್ತಿಗಿಂತ ಒಂದು ಕೈ ಮೇಲು.

ಮಲ್ಲಿಗೆಬನ (ಫ್ರೀಮಾಂಟ್)

ಹೊಗೆ ಬಗ್ಗೆಯೂ ಹೇಳಿಬಿಡ್ತೀನಿ, ಮುಂದೆ ಓದುವವರು ಆಗಸ್ಟ್‌ಗೆ ಯೋಜನೆ ಹಾಕುತ್ತಿರಬಹುದು. 2021ರಲ್ಲಿ ಕಾಲ್ಡರ್ ಕಾಳ್ಗಿಚ್ಚು ಬಂದಾಗ ಆಗಸ್ಟ್ 30ರಂದು ಸೌತ್ ಲೇಕ್ ಟಾಹೋ ಊರನ್ನೇ ಖಾಲಿ ಮಾಡಿಸಿದರು. ಬೆಂಕಿ ದೂರ ಇದ್ದರೂ ಹೊಗೆ ಆ ಬೋಗುಣಿಯಂಥ ಕಣಿವೆಯಲ್ಲಿ ಕೂತುಬಿಡುತ್ತೆ. ಗಾಳಿಯ ಗುಣಮಟ್ಟದ ಸೂಚ್ಯಂಕ 150 ದಾಟಿದರೆ ಸೈಕಲ್ ಹತ್ತಲೇಬೇಡಿ. ಅಷ್ಟು ಎತ್ತರದಲ್ಲಿ, ಅಷ್ಟು ಜೋರಾಗಿ ಉಸಿರೆಳೆಯುವಾಗ ಪುಪ್ಪುಸಕ್ಕೆ ಹೋಗುವ ಹೊಗೆ ಕಡಿಮೆಯೇನಲ್ಲ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಗುಡುಗು ಮಳೆಯೂ ಬರುತ್ತೆ.

ತುಂಗಾತೀರ (ಸನ್ನಿವೇಲ್)

ಎಲ್ಲರ ಮಾತೂ ಕೂಡಿಸಿ ಹೀಗೆ ಗಟ್ಟಿ ಮಾಡಿದ್ದೇವೆ. ಸೋಮವಾರ ಸೌತ್ ಲೇಕ್‌ಗೆ ಹೋಗಿ ವಿಶ್ರಾಂತಿ. ಮಂಗಳವಾರ ಬೆಳಕು ಹರಿಯುವಾಗ ಎಮರಾಲ್ಡ್ ಬೇ ಏರು, ಅಪ್ಪ ಅಮ್ಮನ ಕಾರನ್ನು ಅವರ ಸ್ನೇಹಿತರೊಬ್ಬರು ಓಡಿಸಿಕೊಂಡು ಬರುತ್ತಾರೆ, ಟಾಹೋ ಸಿಟಿಯಲ್ಲಿ ಚಿತ್ರಾನ್ನ, ಮೊಸರನ್ನ. ಸಂಜೆ ಕಿಂಗ್ಸ್ ಬೀಚ್, ರೂಮು ಸಿಕ್ಕಿದೆ. ಬುಧವಾರ ಐದೂವರೆಗೆ ಹೊರಟು ಪೂರ್ವ ದಡ. ಗುರುವಾರ ಅಮ್ಮನ ಜೊತೆ ಟ್ರಕೀ ನದಿ ದಾರಿ. ತಮ್ಮ ಫ್ಲೂಮ್ ಟ್ರೇಲ್ ಬಿಡುವ ಹಾಗೆ ಕಾಣುತ್ತಿಲ್ಲ, ಶುಕ್ರವಾರ ಅವನೊಬ್ಬನೇ ಹೋಗಲಿ. ಇನ್ನೇನಾದರೂ ಉಳಿದಿದೆಯಾ?

ಕಡಲಹಕ್ಕಿ (ರೀನೋ)

ಯೋಜನೆ ಚೆನ್ನಾಗಿದೆ. ಫ್ಲೂಮ್ ಟ್ರೇಲ್‌ಗೆ ಒಬ್ಬನೇ ಬೇಡ ಅಂತ ತಮ್ಮನಿಗೆ ಹೇಳಿ. ಕೆಲವೆಡೆ ದಾರಿ ಒಂದೇ ಸೈಕಲ್ಲಿನಷ್ಟು ಅಗಲ, ಬಿದ್ದರೆ ಫೋನ್ ಸಿಗ್ನಲ್‌ನ ಭರವಸೆ ಇಲ್ಲ. ಶುಕ್ರವಾರ ನಾನೂ ನನ್ನ ಗೆಳೆಯರೂ ಸ್ಪೂನರ್ ಕೆರೆಯ ಪಾರ್ಕಿಂಗ್‌ಗೆ ಬೆಳಿಗ್ಗೆ ಏಳಕ್ಕೆ ಬರುತ್ತೇವೆ, ಅಲ್ಲೇ ಸೇರಿಕೊಳ್ಳಲಿ.

ನಿಮಗೆ ಉಳಿದದ್ದು ಎರಡೇ. ಹೊರಡುವ ವಾರದಲ್ಲಿ ಎರಡೂ ರಾಜ್ಯಗಳ ರಸ್ತೆ ಮಾಹಿತಿ ನೋಡಿ, ಹಿಮ ಬೀಳದ ಈ ನಾಲ್ಕೈದು ತಿಂಗಳಲ್ಲೇ ಅವರು ರಿಪೇರಿ ಕೆಲಸವೆಲ್ಲ ಮಾಡುವುದು, ಒಂದು ಸಾಲು ಮುಚ್ಚಿ ಕಾಯಿಸುವುದುಂಟು. ಮತ್ತೆ, ಸೈಕಲ್‌ಗಳ ಬ್ರೇಕ್ ಪ್ಯಾಡ್ ಸವೆದಿದ್ದರೆ ಸನ್ನಿವೇಲ್‌ನಲ್ಲೇ ಬದಲಾಯಿಸಿ, ಸ್ಪೂನರ್ ಇಳಿಜಾರಿಗೆ ಹೊಸದೇ ಬೇಕು.

ನಂದಿಯೇರು (ಬೆಂಗಳೂರು)

ತುಂಬಾ ಥ್ಯಾಂಕ್ಸ್ ಕಡಲಹಕ್ಕಿ ಅವರೇ. ಶುಕ್ರವಾರ ಏಳಕ್ಕೆ ಅಲ್ಲಿರ್ತೀನಿ. ಮೈಸೂರು ಪಾಕ್ ತರ್ತೀನಿ, ಎಷ್ಟು ಜನ ಅಂತ ಹೇಳಿ.